823 ವರ್ಷಕ್ಕೊಮ್ಮೆ ಬರುವ ಫೆಬ್ರವರಿ? ಅಧಿಕ ವರ್ಷದ ಲೆಕ್ಕ ಹೇಳುವುದೇ ಬೇರೆ

"ಈ ಫೆಬ್ರವರಿಯಲ್ಲಿ ಭಾನುವಾರದಿಂದ ಶನಿವಾರದವರೆಗೆ ಎಲ್ಲ ದಿನಗಳೂ ನಾಲ್ಕು ನಾಲ್ಕು ಸಲ ಬಂದಿವೆ. ಇದು 823 ವರ್ಷಕ್ಕೊಮ್ಮೆ ಮಾತ್ರ. ಐದು ಜನರಿಗೆ ಕಳುಹಿಸಿ, ಹಣ ಬರುತ್ತದೆ." ಫೆಬ್ರವರಿ ಬಂತೆಂದರೆ ಇಂಥ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತದೆ. ಇದು ನಿಜವೇ?

ಖಂಡಿತ ಅಲ್ಲ. 28 ದಿನ ಎಂದರೆ ಸರಿಯಾಗಿ ನಾಲ್ಕು ವಾರ. ಆದ್ದರಿಂದ 28 ದಿನಗಳ ಪ್ರತಿ ಫೆಬ್ರವರಿಯೂ ಹೀಗೇ ಇರುತ್ತದೆ. 2025, 2026, 2027 ಮೂರೂ ಹಾಗೆಯೇ. 29 ದಿನಗಳಿದ್ದ 2024ರಲ್ಲಿ ಮಾತ್ರ ಗುರುವಾರ ಐದು ಸಲ ಬಂದಿತ್ತು.

ಆ ಒಂದು ದಿನ ಏಕೆ?

ಒಂದು ಋತುಚಕ್ರ ಮುಗಿಯಲು ಸುಮಾರು 365 ದಿನ, 5 ಗಂಟೆ, 48 ನಿಮಿಷ, 46 ಸೆಕೆಂಡ್ ಬೇಕು. ಉಳಿಯುವ ಗಂಟೆಗಳು ನಾಲ್ಕು ವರ್ಷಕ್ಕೆ ಹೆಚ್ಚುಕಡಿಮೆ ಒಂದು ದಿನವಾಗುತ್ತವೆ. ಆದರೆ ಪೂರ್ತಿ ಒಂದು ದಿನವಲ್ಲ. ಈ ಸಣ್ಣ ವ್ಯತ್ಯಾಸ ಶತಮಾನಗಳ ಕಾಲ ಕೂಡಿದ್ದರಿಂದಲೇ 1582ರಲ್ಲಿ ಕ್ಯಾಲೆಂಡರ್ ತಿದ್ದಿ, ಅಕ್ಟೋಬರ್ 4ರ ಮರುದಿನವನ್ನು 15 ಎಂದು ಎಣಿಸಬೇಕಾಯಿತು.

ಈಗಿನ ನಿಯಮ ಇಷ್ಟೇ: 4ರಿಂದ ಭಾಗವಾಗುವ ವರ್ಷ ಅಧಿಕ ವರ್ಷ. ಶತಮಾನದ ವರ್ಷವಾದರೆ 400ರಿಂದಲೂ ಭಾಗವಾಗಬೇಕು. ಹಾಗಾಗಿ 2000 ಅಧಿಕ ವರ್ಷ. 1900 ಅಲ್ಲ, 2100 ಕೂಡ ಅಲ್ಲ. 400 ವರ್ಷಗಳಲ್ಲಿ 97 ಅಧಿಕ ವರ್ಷಗಳು ಬರುತ್ತವೆ. ಆ ಬಳಿಕ ವಾರ, ತಾರೀಖು ಎಲ್ಲವೂ ಮೊದಲಿನಂತೆಯೇ ಮರಳುತ್ತವೆ. ಅಂದಮೇಲೆ 823ರ ಮಾತೇ ಬರುವುದಿಲ್ಲ.

ಅಧಿಕ ವರ್ಷ ಬೇರೆ, ಅಧಿಕ ಮಾಸ ಬೇರೆ

ಕೊಳ್ಳೇಗಾಲ, ಹನೂರು ಕಡೆಯವರಿಗೆ ಇನ್ನೊಂದು ಲೆಕ್ಕವೂ ಗೊತ್ತು. ಮಲೆ ಮಹದೇಶ್ವರ ಬೆಟ್ಟದ ಶಿವರಾತ್ರಿ ಜಾತ್ರೆಯ ತಾರೀಖು ವರ್ಷ ವರ್ಷ ಬದಲಾಗುತ್ತದೆ. ಶಿವರಾತ್ರಿ 2023ರಲ್ಲಿ ಫೆಬ್ರವರಿ 18, 2024ರಲ್ಲಿ ಮಾರ್ಚ್ 8, 2025ರಲ್ಲಿ ಫೆಬ್ರವರಿ 26ಕ್ಕೆ ಬಂತು. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ. ವರ್ಷಕ್ಕೆ 11 ದಿನ ಹಿಂದೆ ಸರಿಯುವ ಹಬ್ಬಗಳನ್ನು ಸರಿದೂಗಿಸಲು ಎರಡೂವರೆಯಿಂದ ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, ಆದರೆ 2023 ಅಧಿಕ ವರ್ಷವಲ್ಲ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಚಿಕ್ಕಜಾತ್ರೆ ಮಾತ್ರ ಸಂಕ್ರಾಂತಿಯನ್ನು ಹಿಡಿದು ನಡೆಯುವಂಥದ್ದು. ಅದು ಸೂರ್ಯನ ಲೆಕ್ಕ, ಜನವರಿಯ ನಡುಭಾಗ ಬಿಟ್ಟು ಕದಲುವುದಿಲ್ಲ.

ಫೆಬ್ರವರಿ 29ರಂದು ಹುಟ್ಟಿದವರಿಗೆ

"ನಾಲ್ಕು ವರ್ಷಕ್ಕೊಂದೇ ವಯಸ್ಸು" ಎನ್ನುವುದು ಬರೀ ತಮಾಷೆ. ವಯಸ್ಸು ಕಳೆದ ವರ್ಷಗಳ ಲೆಕ್ಕ. ಮಾಜಿ ಪ್ರಧಾನಿ ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಫೆಬ್ರವರಿ 29ರಂದು. 1900 ಅಧಿಕ ವರ್ಷವಲ್ಲದ್ದರಿಂದ ಆ ತಾರೀಖು ಅವರಿಗೆ ಮರಳಿ ಸಿಕ್ಕಿದ್ದು ಎಂಟನೇ ವಯಸ್ಸಿಗೆ. 2008ರ ಫೆಬ್ರವರಿ 29ರಂದು ಹುಟ್ಟಿದ ಮಗು ಕಂಡಿರುವುದು ನಾಲ್ಕೇ "ನಿಜವಾದ" ಹುಟ್ಟುಹಬ್ಬ. ಆದರೂ ಮತದಾರರ ಪಟ್ಟಿಯ 2026ರ ಏಪ್ರಿಲ್ 1ರ ಅರ್ಹತಾ ದಿನಾಂಕಕ್ಕೆ 18 ತುಂಬಿಯೇ ಇರುತ್ತದೆ. ಫಾರ್ವರ್ಡ್ ನಂಬಿ ಹೆಸರು ಸೇರಿಸುವುದನ್ನು ಮುಂದೂಡಬೇಡಿ.

ಮುಂದಿನ ಸಲ "823 ವರ್ಷ" ಎಂಬ ಸಂದೇಶ ಬಂದರೆ ಐದು ಜನರಿಗೆ ಕಳುಹಿಸುವ ಮುನ್ನ ಗೋಡೆಯ ಕ್ಯಾಲೆಂಡರ್ ನೋಡಿ. ಹಳೆಯದೊಂದು ಸಿಕ್ಕರೆ ಪಕ್ಕದಲ್ಲಿಟ್ಟು ಹೋಲಿಸಿ. ಉತ್ತರ ಅಲ್ಲೇ ಇದೆ.