ಇಸ್ತ್ರಿಗೆ ಮೆತ್ತಿದ್ದು ಯಾರ ತಪ್ಪು?

ಸ್ವಾರಗೇಟಿನ ಎಸ್ಟಿ ಸ್ಟ್ಯಾಂಡಿನ ಹಿಂದೆ ನಮ್ಮ ಬಿಲ್ಡಿಂಗು. ವಿಜಾಪುರದ ಬಸ್ಸು ಇಳಿದು ಇಲ್ಲಿ ಬಿಡಾರ ಹೂಡಿ 27 ವರ್ಷ ಆಯ್ತು. ಅವತ್ತು ಇದ್ದದ್ದರಲ್ಲಿ ಅರ್ಧ ಈಗ ಇಲ್ಲ. 2024ರ ಸೆಪ್ಟೆಂಬರಿನಿಂದ ನೆಲದಡಿ ಮೆಟ್ರೊ ಓಡಾಡ್ತದೆ. ಆದ್ರೆ ನಮ್ಮ ಮೆಟ್ಟಿಲ ಕೆಳಗಿನ ಇಸ್ತ್ರಿ ಕಾಕಾ ಮಾತ್ರ ಹಾಗೇ ಇದ್ದಾರೆ. ಕಲಬುರ್ಗಿ ಕಡೆಯವರು. ಬಿಲ್ಡಿಂಗಿನಲ್ಲಿ ನನ್ನ ಕೂಡ ಕನ್ನಡ ಮಾತಾಡೋರು ಅವರೊಬ್ಬರೇ.

ಈಗ ಅವರನ್ನು ಎತ್ತಂಗಡಿ ಮಾಡಿಸ್ಬೇಕು ಅಂತ ಸೊಸೈಟಿಯವರು ಹೊರಟಾರೆ. ಕಾರಣ ಕೇಳಿದ್ರೆ ನಗು ಬರ್ತದೆ, ಸಿಟ್ಟೂ ಬರ್ತದೆ. ಎರಡನೇ ಮಜಲೆಯವರ ಬಿಳಿ ಅಂಗಿಯ ಬೆನ್ನ ಮೇಲೆ ಕಂದು ಬಣ್ಣದ ಅಂಟು ಕಲೆ ಬಿತ್ತು. "ಇಸ್ತ್ರೀ ಸಾಫ್ ಠೇವತ ನಾಹೀ" ಅಂತ ಚೇರ್ಮನ್ನರ ತೀರ್ಪು. ಇಸ್ತ್ರಿ ಸ್ವಚ್ಛ ಇಡೋದಿಲ್ಲವಂತೆ. ಸ್ವಾಮೀ, ಆ ಇಸ್ತ್ರಿಗೆ ಹೊಲಸು ಹಚ್ಚಿದೋರು ನಾವು! ನಾವು ಅಂದ್ರೆ ಸಾಕ್ಷಾತ್ ನಮ್ಮ ಮನೆಯವರು.

ಆದದ್ದು ಇಷ್ಟು. ನನ್ನ ಹೆಂಡತಿ ಇಲ್ಲೇ ಪೇಟೆಯಲ್ಲಿ ಒಂದು ಖಣದ ಸೀರೆ ತಂದಳು. ಗುಳೇದಗುಡ್ಡದ್ದು, ಪ್ಯೂರ್ ಕಾಟನ್ ಸಿಲ್ಕ್, ಅಂತ ಅಂಗಡಿಯವ ಹೇಳಿದ್ದ. ತವರಿನ ಹೆಸರು ಕೇಳಿದ ಕೂಡಲೇ ನಮ್ಮ ಮಂದಿ ಕರಗ್ತೀವಲ್ಲ, ಅದೇ ರೋಗ. ನಾನು ಅದನ್ನು ಕಾಕಾನ ಕೈಗೆ ಕೊಟ್ಟು "ಕಾಟನ್ ಐತಿ ಕಾಕಾ, ಛಲೋ ಕಾಯಿಸಿ ಹೊಡೀರಿ" ಅಂದೆ. ಅವರು ಹೊಡೆದರು. ಸೀರೆ ಕರಗಿ ಇಸ್ತ್ರಿಯ ತಳಕ್ಕೆ ಮೆತ್ತಿತು. ಅಷ್ಟಿಷ್ಟು ಒರೆಸಿ ಅವರು ಮುಂದಿನ ಬಟ್ಟೆ ತಗೊಂಡರು. ಅದೇ ಆ ಬಿಳಿ ಅಂಗಿ.

ಆಮೇಲೆ ನಾನು ಸೀರೆಯ ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಕೊರೆದೆ. ಹತ್ತಿ ಆಗಿದ್ರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಆಗ್ಬೇಕು. ರೇಷ್ಮೆ ಆಗಿದ್ರೆ ಕೂದಲು ಸುಟ್ಟ ನಾತ. ಇದು ಸುರುಳಿ ಸುತ್ತಿ, ಹನಿಯಾಗಿ, ಆರಿದ ಮೇಲೆ ಗಟ್ಟಿ ಮಣಿ ಆಯ್ತು. ಶುದ್ಧ ಪಾಲಿಯೆಸ್ಟರ್! ನಮ್ಮಪ್ಪನ ಕಾಲದ ಟೆರ್ಲಿನ್ನಿನ ಮರಿಮಗಳು, ಖಣದ ವೇಷ ಹಾಕ್ಕೊಂಡು ಬಂದಾಳೆ. ಜರಿ ಅಂತೂ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮಾಡಿದ್ದು.

ಪಾಲಿಯೆಸ್ಟರ್ ಪೂರಾ ಕರಗೋದು 250-260 ಡಿಗ್ರಿಗೆ. ಆದ್ರೆ ಅದಕ್ಕಿಂತ ಮೊದಲೇ ಮೆತ್ತಗಾಗಿ ಅಂಟೋಕೆ ಶುರು ಮಾಡ್ತದೆ. ಬಟ್ಟೆಯ ಚೀಟಿಯಲ್ಲಿ ಇಸ್ತ್ರಿಯ ಚಿತ್ರದೊಳಗೆ ಚುಕ್ಕೆ ಇರ್ತಾವಲ್ಲ, ಒಂದು ಚುಕ್ಕೆ ಅಂದ್ರೆ ಹೆಚ್ಚೆಂದರೆ 110, ಎರಡಕ್ಕೆ 150, ಮೂರಕ್ಕೆ 200 ಡಿಗ್ರಿ. ಕಾಕಾನ ಭಾರದ ಇಸ್ತ್ರಿಗೆ ಚುಕ್ಕೆಯೂ ಇಲ್ಲ, ತಿರುಗಿಸೋ ಗುಂಡಿಯೂ ಇಲ್ಲ. ಬೆರಳಿಗೆ ನೀರು ಹಚ್ಚಿ ಮುಟ್ಟಿ, ಚುರ್ ಅನ್ನೋ ಸಪ್ಪಳದ ಮೇಲೆ ಅಳೀತಾರೆ. ಅವರ ಲೆಕ್ಕ ತಪ್ಪಲಿಲ್ಲ, ನಾನು ಹೇಳಿದ ಬಟ್ಟೆ ತಪ್ಪಿತ್ತು.

ಇನ್ನು ಸ್ವಚ್ಛ ಮಾಡೋ ವಿಷಯ. ಮೀಟಿಂಗಿನಲ್ಲಿ ಒಬ್ಬೊಬ್ಬರದೂ ಒಂದೊಂದು ವೈದ್ಯ. ಚಾಕುವಿನಿಂದ ಕೆರೀರಿ, ಉಸುಕಿನ ಕಾಗದದಿಂದ ತಿಕ್ಕಿರಿ, ಉಪ್ಪಿನ ಮೇಲೆ ಎಳೀರಿ... ಇವೆಲ್ಲ ಇದ್ದಲಿ ಇಸ್ತ್ರಿ ಕಾಲದ ಮಾತು. ನಮ್ಮವ್ವ ಹಿತ್ತಾಳೆ ಇಸ್ತ್ರಿಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದಳು, ಅದಕ್ಕೇನೂ ಆಗ್ತಿರಲಿಲ್ಲ. ಇವತ್ತಿನ ಟೆಫ್ಲಾನ್ ಲೇಪದ ಮೇಲೆ ಅದನ್ನೇ ಮಾಡಿದ್ರೆ ಲೇಪ ಎದ್ದು, ಗೀರು ಬಿದ್ದಲ್ಲಿ ಮತ್ತಿಷ್ಟು ಮೆತ್ತುತ್ತದೆ. ಒಬ್ಬ ಮಹಾಶಯರು ಉಗುರುಬಣ್ಣ ತೆಗೆಯೋ ದ್ರವ ಹಚ್ಚಿ ಅಂದ್ರು. ಬಿಸಿ ಇಸ್ತ್ರಿಗೆ ಅದನ್ನು ಹಚ್ಚಿದ್ರೆ ಕಲೆ ಹೋಗೋ ಮೊದಲು ಮನೆ ಹೋಗ್ತದೆ. ಅದು ಪಾಲಿಯೆಸ್ಟರನ್ನು ಕರಗಿಸೋದೂ ಇಲ್ಲ. ಇನ್ನು ಪ್ಯಾರಾಸಿಟಮಾಲ್ ಗುಳಿಗೆ! ಅದು ಸುಮಾರು 170 ಡಿಗ್ರಿಗೆ ಕರಗಿ ಸುಟ್ಟ ಕಲೆ ಸಡಿಲ ಮಾಡ್ತದೆ, ಸುಳ್ಳಲ್ಲ. ಆದ್ರೆ ಆ ಹೊಗೆ ಮೂಗಿಗೆ ಹೋದ್ರೆ? ಕಾಕಾ ಬೆಳಗಿನಿಂದ ರಾತ್ರಿ ತನಕ ಆ ಗೂಡಿನಲ್ಲೇ ಉಸಿರಾಡ್ಬೇಕು. ಫಿಲಿಪ್ಪೀನ್ಸಿನಲ್ಲಿ ಇದ್ದಲಿ ಇಸ್ತ್ರಿಯನ್ನು ಬಾಳೆಎಲೆ ಮೇಲೆ ಎಳೀತಾರೆ. ಎಲೆಯ ಮೇಣಕ್ಕೆ ತಳ ನುಣುಪಾಗ್ತದೆ. ಎಷ್ಟೋ ಮೇಲು ನೋಡಿ.

ನಾನು ಮಾಡಿದ್ದು ಹೇಳ್ತೀನಿ. ಇಸ್ತ್ರಿ ಮನೆಗೆ ತಂದು, ಕಿಟಕಿ ತೆಗೆದು, ಅಂಟು ಮೆತ್ತಗಾಗುವಷ್ಟು ಮಾತ್ರ ಕಾಯಿಸಿದೆ. ಪ್ಲಗ್ ಕಿತ್ತು, ಕಟ್ಟಿಗೆಯ ಸವಟಿನಿಂದ ಮೆಲ್ಲಗೆ ದಬ್ಬಿದೆ. ಉಳಿದದ್ದನ್ನು ದಪ್ಪ ಹಸಿ ಹತ್ತಿ ಬಟ್ಟೆಗೆ ಉಜ್ಜಿದೆ. ಮೂರು ಸಲ ಕಾಯಿಸಬೇಕಾಯ್ತು. ಹಳೆಯ ಗಂಜಿಯ ಕಂದು ಪದರ ಬೇರೆ ಇತ್ತು, ಅದಕ್ಕೆ ಬಿಸಿ ಬೇಡ. ತಣ್ಣಗಾದ ಮೇಲೆ ಅಡಿಗೆ ಸೋಡಾ ನೀರಲ್ಲಿ ಕಲಸಿ ಹಚ್ಚಿ ಒರೆಸಿದೆ. (ಸ್ಟೀಮ್ ಇಸ್ತ್ರಿ ಇದ್ದವರು ತೂತಿನೊಳಗೆ ಸೋಡಾ ಹೋಗದಂಗ ನೋಡ್ಕೊಳ್ಳಿ.) ಒಟ್ಟು ಮುಕ್ಕಾಲು ತಾಸಿನ ಕೆಲಸ. ಆ ಮುಕ್ಕಾಲು ತಾಸು ಕಾಕಾಗೆ ಅಂಗಿಗೆ 10 ರೂಪಾಯಿಯ ಲೆಕ್ಕದಲ್ಲಿ ಎಷ್ಟು ನಷ್ಟ ಅಂತ ಯಾರೂ ಕೇಳಲಿಲ್ಲ.

ವಿಚಿತ್ರ ನೋಡಿ. ಅಗಸರ ಮನೆಯಲ್ಲಿ ಹುಟ್ಟಿ, ಕೈಯಾಗ ಕಸಬರಿಗೆ ಹಿಡಿದು ಊರೂರು ಗುಡಿಸಿದ ಗಾಡಗೆ ಬಾಬಾರ ಫೋಟೊ ನಮ್ಮ ಸೊಸೈಟಿ ಆಫೀಸಿನ ಗೋಡೆ ಮೇಲಿದೆ. ನಮ್ಮಲ್ಲೂ ಮಡಿವಾಳ ಮಾಚಿದೇವನ ಜಯಂತಿ ಮಾಡ್ತೀವಿ. ಫೋಟೊಕ್ಕೆ ಹಾರ, ಮೆಟ್ಟಿಲ ಕೆಳಗಿನವರಿಗೆ ನೋಟೀಸು.

ಅಂಗಿಯ ದುಡ್ಡು ನಾನು ಕೊಟ್ಟಾಗಿದೆ. ಚೇರ್ಮನ್ನರು "ಅದು ಬೇರೆ ಪ್ರಶ್ನೆ" ಅಂತಾರೆ. ಕಾಕಾನ ಕೇಳಿದ್ರೆ "ಬಿಡ್ರೀ ಸಾಹೇಬ್ರ, ಬ್ಯಾರೆ ಕಡೆ ಟೇಬಲ್ ಹಾಕ್ತೀನಿ, ನೀವ್ಯಾಕ ಕೆಟ್ಟ ಆಗ್ತೀರಿ" ಅಂದ್ರು. ಅರವತ್ತು ದಾಟಿದ ಮನುಷ್ಯ ಈ ಸ್ವಾರಗೇಟಿನಲ್ಲಿ ಟೇಬಲ್ ಹಾಕೋಕೆ ಎಲ್ಲಿ ಜಾಗ ಹುಡುಕಬೇಕು?

ಬರೋ ರವಿವಾರ ಸಂಜೆ 6ಕ್ಕೆ ಮತ್ತೆ ಮೀಟಿಂಗು. ಸೀರೆಯ ಎಳೆ, ಕಡ್ಡಿಪೆಟ್ಟಿಗೆ ಎರಡೂ ಕಿಸೆಯಲ್ಲಿ ಇಟ್ಕೊಂಡು ಹೋಗ್ತೀನಿ.