ಜೇಕು ಗಾಳೀಲಿ ಬರಲ್ಲ, ಟ್ರಾಕ್ಟರಲ್ಲಿ ಬರುತ್ತೆ

ಕನಕಪುರದ ಕಡೆ ಹೋದ್ರೂ ಅಷ್ಟೇ, ಮಾಗಡಿ ಕಡೆ ಹೋದ್ರೂ ಅಷ್ಟೇ, ಒಂದೇ ಪ್ರಶ್ನೆ. "ಅಣ್ಣ, ಜೇಕಿಗೆ ಯಾವ ಔಷಧಿ ಹೊಡೀಲಿ?" ಯಾವುದೂ ಬೇಡ, ಮೊದಲು ಈ ಜೇಕು ನಿಮ್ಮ ಹೊಲಕ್ಕೆ ಹೇಗೆ ಬಂತು ಹೇಳಿ ಅಂದ್ರೆ ಎಲ್ಲರೂ ನನ್ನ ಮುಖ ನೋಡ್ತಾರೆ. "ಕಳೆ ತಾನೇ, ಎಲ್ಲಿಂದಲೋ ಬರುತ್ತೆ" ಅಂತಾರೆ.

ಎಲ್ಲಿಂದಲೋ ಬರಲ್ಲ. ಇಷ್ಟು ಹೇಳೋಕೇ ಇವತ್ತು ಇಷ್ಟುದ್ದ ಬರೀತಿರೋದು.

ಮೊದಲು ಗಿಡದ ಗುರುತು. ನಮ್ಮಲ್ಲಿ ಉದ್ದಕ್ಕೆ ಹಸಿರಾಗಿ ಎದ್ದಿದ್ದೆಲ್ಲ ಹುಲ್ಲೇ. ಅಂಗಡಿಗೆ ಹೋಗಿ "ಹುಲ್ಲಿನ ಔಷಧಿ ಕೊಡಿ" ಅಂತೀವಿ, ಅವರು ಕೊಡ್ತಾರೆ, ದುಡ್ಡು ತಗೋತಾರೆ. ಜೇಕು ಹುಲ್ಲಲ್ಲ. ಕೊನ್ನಾರಿಗೆಡ್ಡೆ ಅನ್ನಿ, ತುಂಗೆಗೆಡ್ಡೆ ಅನ್ನಿ, ಅದರ ಕುಲವೇ ಬೇರೆ. ಒಂದು ಗಿಡದ ಹೂವಿನ ದಂಟು ಕಿತ್ತು ಹೆಬ್ಬೆಟ್ಟು ತೋರುಬೆರಳಿನ ನಡುವೆ ಹೊರಳಿಸಿ ನೋಡಿ. ಗರಿಕೆ ದಂಟು ದುಂಡಗಿರುತ್ತೆ, ನಡುನಡುವೆ ಗೆಣ್ಣು ಸಿಗುತ್ತೆ. ಜೇಕಿನ ದಂಟು ಮೂರು ಮೂಲೆ, ಗೆಣ್ಣೇ ಇಲ್ಲ, ಬುಡದಿಂದ ತುದಿವರೆಗೆ ನುಣುಪು. ಎಲೆಗಳು ಬುಡದಲ್ಲೇ ಮೂರು ದಿಕ್ಕಿಗೆ ಹೊರಡುತ್ತವೆ. ಹೂವು ಕಂದುಗೆಂಪು. ಆಮೇಲೆ ಒಂದು ಗೇಣು ಅಗೆದು ನೋಡಿ. ಕಪ್ಪು ಕಂದು ಬಣ್ಣದ ಒರಟು ಗೆಡ್ಡೆ, ಅದರಿಂದ ತಂತಿಯಂಥ ಬೇರು, ಆ ಬೇರಿನಲ್ಲಿ ಇನ್ನೊಂದು ಗೆಡ್ಡೆ, ಮತ್ತೆ ಬೇರು, ಮತ್ತೆ ಗೆಡ್ಡೆ. ಮುರಿದು ಮೂಸಿದ್ರೆ ನಾಟಿ ಔಷಧಿಯ ವಾಸನೆ. ಆಯುರ್ವೇದದವರು ಮುಸ್ತೆ ಅಂತ ಬಳಸೋದು ಇದನ್ನೇ. ಗದ್ದೆ ಬದುವಿನ ತೇವದಲ್ಲಿ ಗೆಡ್ಡೆ ಇಲ್ಲದ ಜೇಕೂ ಇರುತ್ತೆ, ಅದು ಬೀಜದಿಂದ ಬರೋದು, ಕಿತ್ತರೆ ಕೈಗೇ ಬರುತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಅದಕ್ಕೇ ಹೇಳಿದ್ದು, ಅಗೆಯದೆ ತೀರ್ಮಾನ ಮಾಡಬೇಡಿ ಅಂತ.

ಈ ಗುರುತು ಯಾಕೆ ಮುಖ್ಯ ಅಂದ್ರೆ, ಕ್ವಿಜಾಲೋಫಾಪ್ ಥರದ ಔಷಧಿ ಹುಲ್ಲಿನ ಜಾತಿಗೆ ಮಾತ್ರ. ಗರಿಕೆ ಅದಕ್ಕೆ ಹಳದಿ ತಿರುಗುತ್ತೆ. ಜೇಕು ಏನೂ ಆಗದವರ ಥರ ನಿಂತಿರುತ್ತೆ, ಪಕ್ಕದ ಹುಲ್ಲು ಸತ್ತು ಜಾಗ ಸಿಕ್ತಲ್ಲ, ಇನ್ನೂ ಚೆನ್ನಾಗಿ ಹಬ್ಬುತ್ತೆ. ದುಡ್ಡು ಕೊಟ್ಟು ಜೇಕಿಗೆ ಜಾಗ ಮಾಡಿಕೊಟ್ಟ ಹಾಗೆ. ಪ್ಯಾರಾಕ್ವಾಟ್ ಹೊಡೆದ್ರೆ ಮೇಲಿನ ಎಲೆ ಸುಡುತ್ತೆ, ಹೊಡೆದವನಿಗೆ ಖುಷಿ, ಸ್ವಲ್ಪ ದಿನದಲ್ಲೇ ಕೆಳಗಿನ ಗೆಡ್ಡೆಯಿಂದ ಮತ್ತೆ ಸೂಜಿ ಸೂಜಿಯಾಗಿ ಏಳುತ್ತೆ. 1977ರಲ್ಲಿ ಲೆರಾಯ್ ಹೋಮ್ ಮತ್ತು ಜೊತೆಗಾರರು ಪ್ರಪಂಚದ ಅತಿ ಕೆಟ್ಟ ಕಳೆಗಳ ಬಗ್ಗೆ ಒಂದು ಪುಸ್ತಕ ತಂದ್ರು. ಮೊದಲನೇ ಸ್ಥಾನ ಜೇಕಿಗೆ, ಎರಡನೇದು ಗರಿಕೆಗೆ. ಎರಡೂ ನಮ್ಮ ತೋಟದಲ್ಲೇ ಇವೆ. ಒಂದನ್ನ ಗಣಪತಿಗಾದ್ರೂ ಇಡಬಹುದು.

ಈಗ ಹೇಗೆ ಬಂತು ಅನ್ನೋದು. ಜೇಕು ಹೂ ಬಿಡುತ್ತೆ, ಆದ್ರೆ ಮೊಳೆಯೋ ಬೀಜ ಕಟ್ಟೋದು ತೀರಾ ಅಪರೂಪ. ಅದು ಹಬ್ಬೋದೆಲ್ಲ ಗೆಡ್ಡೆಯಿಂದ. ಗೆಡ್ಡೆಗೆ ರೆಕ್ಕೆ ಇಲ್ಲ, ಕಾಲಿಲ್ಲ. ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಹೋಗಬೇಕಾದ್ರೆ ಮಳೆನೀರು ಕೊಚ್ಚಿಕೊಂಡು ಹೋಗಬೇಕು, ಇಲ್ಲ ಯಾರಾದ್ರೂ ಹೊತ್ಕೊಂಡು ಹೋಗಬೇಕು. ಇಳಿಜಾರಿನ ಮೇಲ್ಭಾಗದ ಹೊಲಕ್ಕೂ ಬಂದಿದೆ ಅಂದ್ರೆ ಹೊತ್ತವರು ಯಾರು?

ಮೊದಲನೇ ಹೊರೆಯಾಳು ಬಾಡಿಗೆ ರೋಟವೇಟರ್. ಬೆಳಿಗ್ಗೆ ಒಬ್ಬರ ಜೇಕಿನ ತೋಟದಲ್ಲಿ ಓಡಿ, ಬ್ಲೇಡಿನ ಸಂದಿಯಲ್ಲಿ ಹಸಿಮಣ್ಣು, ಗೆಡ್ಡೆ ತುಂಬ್ಕೊಂಡು ಮಧ್ಯಾಹ್ನ ನಿಮ್ಮ ಹೊಲಕ್ಕೆ ಇಳಿಯುತ್ತೆ. ಗಂಟೆ ಲೆಕ್ಕದ ಬಾಡಿಗೆ, ತೊಳೆಯೋಕೆ ಡ್ರೈವರ್ ನಿಲ್ಲಲ್ಲ, ನಿಲ್ಲಿಸೋಕೆ ನಾವು ಬಾಯಿ ಬಿಡಲ್ಲ. ಸಾಗಿಸೋದು ಒಂದು ಪಾಪವಾದ್ರೆ, ಕತ್ತರಿಸೋದು ಅದಕ್ಕಿಂತ ದೊಡ್ಡದು. ಸರದ ಥರ ಜೋಡಿಸಿಕೊಂಡಿರೋ ಗೆಡ್ಡೆಗಳಲ್ಲಿ ತುದಿಯದು ಮೊಳೆತು ಮಿಕ್ಕವನ್ನ ಮಲಗಿಸಿ ಇಟ್ಟಿರುತ್ತೆ. ಸರ ತುಂಡಾದ ಕೂಡಲೇ ಮಲಗಿದ್ದ ಒಂದೊಂದು ಗೆಡ್ಡೆಯೂ ಎದ್ದು ಸ್ವಂತ ಸಂಸಾರ ಹೂಡುತ್ತೆ. ಹೆಚ್ಚಿನ ಗೆಡ್ಡೆ ಇರೋದು ಮೇಲಿನ ಅರ್ಧ ಅಡಿ ಮಣ್ಣಿನಲ್ಲಿ, ರೋಟವೇಟರ್ ಆಡೋದೂ ಅಲ್ಲೇ. ತೇವದ ಮಣ್ಣಲ್ಲಿ ಜೇಕಿನ ಮೇಲೆ ರೋಟವೇಟರ್ ಓಡಿಸೋದನ್ನ ಉಳುಮೆ ಅನ್ನಬೇಡಿ, ಬಿತ್ತನೆ ಅನ್ನಿ. ನೆಲ ಹಿಟ್ಟಿನ ಹಾಗೆ ಆಯ್ತು ಅಂತ ಫೋಟೋ ಹಾಕ್ತೀರಿ, ಹದಿನೈದು ದಿನ ಬಿಟ್ಟು ಅದೇ ಜಾಗದ ಫೋಟೋ ಹಾಕಿ ನೋಡೋಣ.

ಎರಡನೇದು ಕೆರೆಗೋಡು. ಗೋಡು ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಕೆರೆಯಂಚಿನಲ್ಲಿ ಹಸಿರಾಗಿ ನಿಂತಿರೋದೇನು ಅಂತ ಇಳಿದು ನೋಡದೆ ಇಪ್ಪತ್ತು ಲೋಡು ಹೊಡೆಸಿದ್ರೆ ಗೋಡಿನ ಜೊತೆ ಗೆಡ್ಡೆಯೂ ಬರುತ್ತೆ. ಸುಲಭದ ಪರೀಕ್ಷೆ ಇದೆ. ನಾಲ್ಕು ಕಡೆಯಿಂದ ನಾಲ್ಕು ಬಕೆಟ್ ಮಣ್ಣು ತಂದು, ತೇವ ಮಾಡಿ, ಬಿಸಿಲು ಬೀಳೋ ಜಾಗದಲ್ಲಿ ಎರಡು ಮೂರು ವಾರ ಇಡಿ. ಜೇಕಿದ್ರೆ ತಾನೇ ತಲೆ ಎತ್ತುತ್ತೆ. ನರ್ಸರಿಯ ತೆಂಗು, ಮಾವು, ಹಿಪ್ಪುನೇರಳೆ ಸಸಿಯ ಕವರಿಗೂ ಇದೇ ಮಾತು. ಕವರಿನ ಮೂಲೆಯಲ್ಲಿ ಒಂದು ಜೇಕಿನ ಎಲೆ ಕಂಡ್ರೂ ಆ ಸಸಿ ವಾಪಸ್ ಕೊಡಿ.

ಮೂರನೇದಕ್ಕೆ ಬರ್ತೀನಿ, ಕೆಲವರಿಗೆ ಕೋಪ ಬರಬಹುದು. ಬಿಡದಿ, ಹಾರೋಹಳ್ಳಿ, ಕನಕಪುರ ರಸ್ತೆ ಉದ್ದಕ್ಕೂ ಫಾರಂಹೌಸು, ರೆಸಾರ್ಟು. ಪ್ರತಿಯೊಂದಕ್ಕೂ ಲಾನು. ಲಾನಿಗೆ ಕಂಟ್ರಾಕ್ಟರ್ ಕೆಂಪುಮಣ್ಣು ತರೋದು ನಮ್ಮ ಹೊಲಗಳಿಂದಲೇ, ಹುಲ್ಲು ಹಾಸಿದ ಎರಡನೇ ತಿಂಗಳಿಗೆ ಜೇಕು ಏಳುತ್ತೆ. ಗುರುತು ಸುಲಭ, ಮಿಷಿನ್ ಹೊಡೆದ ಮೂರ್ನಾಲ್ಕು ದಿನಕ್ಕೆ ಮಿಕ್ಕ ಹುಲ್ಲಿಗಿಂತ ಎತ್ತರಕ್ಕೆ ಎದ್ದು ನಿಂತಿರೋದೇ ಅದು. ಮಾಲೀಕರಿಗೆ ಶನಿವಾರ ಬರೋ ಹೊತ್ತಿಗೆ ಕ್ಲೀನ್ ಇರಬೇಕು. ಸರಿ, ಗ್ಲೈಫೋಸೇಟ್ ಬರುತ್ತೆ. ಬೇಲಿಯ ಈಚೆಗೆ ನಮ್ಮ ರೇಷ್ಮೆ ಕಡ್ಡಿ ತೋಟ. ಗಾಳಿಗೆ ತೂರಿ ಬಂದ ಹನಿ ಚಿಗುರಿಗೆ ಬಿದ್ರೆ ಎಲೆ ಕಿರಿದಾಗಿ, ಹಳದಿಯಾಗಿ ಮುರುಟಿಕೊಳ್ಳುತ್ತೆ. ಅಂಥ ಸೊಪ್ಪನ್ನ ಯಾರು ಹುಳಕ್ಕೆ ಹಾಕ್ತಾರೆ? ನಾಲ್ಕನೇ ಜ್ವರದಿಂದ ಎದ್ದ ಹುಳ ಮನೆ ತುಂಬ ಬಾಯಿ ತೆರೆದು ಕೂತಿರುವಾಗ ಒಂದು ಸಾಲು ಸೊಪ್ಪು ಕೈತಪ್ಪಿದ್ರೆ ಏನಾಗುತ್ತೆ ಅಂತ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗೋ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅದೂ ಅಲ್ಲದೆ ಲಾನಿನಿಂದ ಅಗೆದ ಜೇಕಿನ ಮಣ್ಣನ್ನ ತಂದು ಸುರಿಯೋದು ನಮ್ಮ ಹಳ್ಳಕ್ಕೆ, ನಮ್ಮ ಬದುವಿಗೆ.

ಮಾಲೀಕರನ್ನ ಬೈದು ಪ್ರಯೋಜನ ಇಲ್ಲ. ಅಲ್ಲಿ ಮಾಲಿ ಕೆಲಸಕ್ಕೆ ಇರೋರು ನಮ್ಮೂರ ಹುಡುಗರೇ, ಈ ಪುಟ ಓದೋರೂ ಅವರಲ್ಲಿ ಇದ್ದಾರೆ. ತಮ್ಮಂದಿರಾ, ಮಾಲೀಕರಿಗೆ ನಿಜ ಹೇಳಿ. ಗ್ಲೈಫೋಸೇಟ್ ಜೇಕು ಬೇರೆ ಲಾನು ಬೇರೆ ಅಂತ ನೋಡಲ್ಲ, ಎರಡನ್ನೂ ಸುಡುತ್ತೆ, ಖಾಲಿಯಾದ ಜಾಗಕ್ಕೆ ಮೊದಲು ಬರೋದು ಜೇಕೇ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರದ ಆದೇಶ ಬಂತು, ಅದನ್ನ ಕೀಟ ನಿಯಂತ್ರಣದ ಪರವಾನಗಿ ಇರೋರು ಮಾತ್ರ ಹೊಡೀಬೇಕು ಅಂತ. ಡಬ್ಬದ ಮೇಲೆ ಅನುಮತಿ ಇರೋದೂ ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. ಲಾನು ನೆಲಕ್ಕಂಟೋ ಹಾಗೆ ಬೋಳಿಸಬೇಡಿ, ಎರಡು ಇಂಚು ಬಿಡಿ, ಒತ್ತಾದ ಹುಲ್ಲಿನ ನೆರಳಲ್ಲಿ ಜೇಕು ಸೋಲುತ್ತೆ. ದಿನಾ ನೀರು ಬಿಡೋದು ನಿಲ್ಲಿಸಿ. ಜೇಕು ಕೈಯಗಲ ಇದ್ದಾಗಲೇ ಆ ಜಾಗವನ್ನ ಒಂದು ಅಡಿ ಆಳಕ್ಕೆ, ಸುತ್ತ ಇನ್ನೊಂದು ಅಡಿ ಸೇರಿಸಿ ಅಗೆದು ತೆಗೀರಿ. ತೆಗೆದ ಮಣ್ಣನ್ನ ಕಾಂಕ್ರೀಟಿನ ಮೇಲೋ ಶೀಟಿನ ಮೇಲೋ ತೆಳ್ಳಗೆ ಹರಡಿ ಒಣಗಿಸಿ. ತಿಪ್ಪೆಗೆ ಬೇಡ, ಹಳ್ಳಕ್ಕೂ ಬೇಡ.

ಇನ್ನು ಹೊಲ. "ಕೂಲಿ ಎಲ್ಲಿದೆ ಅಣ್ಣ, ಔಷಧಿ ಹೊಡೆಯದೆ ಹೇಗೆ ಆಗುತ್ತೆ" ಅನ್ನೋರ ಮಾತು ಸುಳ್ಳಲ್ಲ. ಕೂಲಿ ಇಲ್ಲ, ಸಿಕ್ಕರೂ ದುಬಾರಿ. ಆದ್ರೆ ವರ್ಷಕ್ಕೆ ಎಷ್ಟು ಸಲ ಹೊಡೀತೀರಿ, ಎಷ್ಟು ವರ್ಷದಿಂದ ಹೊಡೀತಿದ್ದೀರಿ, ಜೇಕು ಕಮ್ಮಿಯಾಗಿದೆಯಾ? ಅಷ್ಟು ಲೆಕ್ಕ ಹಾಕಿ ಆಮೇಲೆ ಕೂಲಿ ವಿಚಾರ ಮಾತಾಡೋಣ. ಜೇಕಿಗೇ ಅಂತ ಇರೋ ಔಷಧಿ ಇಲ್ಲ ಅಂತಲ್ಲ. ಹ್ಯಾಲೋಸಲ್ಫ್ಯೂರಾನ್ ಮೀಥೈಲ್ ಅಂತ ಇದೆ, ಕಬ್ಬಿನಲ್ಲಿ ಬಳಸ್ತಾರೆ, ಗೆಡ್ಡೆಗೂ ಇಳಿಯುತ್ತೆ. ಕಬ್ಬಿರೋರು ಲೇಬಲ್ ಓದಿ ಬಳಸಿ. ಹಿಪ್ಪುನೇರಳೆಗೆ ಅಲ್ಲ. ಮಂಡ್ಯದ ಭಾವ ಹೊಡೆದ, ಕೆಲಸ ಮಾಡ್ತು ಅಂತ ಸೊಪ್ಪಿನ ತೋಟಕ್ಕೆ ತರಬೇಡಿ.

ಜೇಕಿನ ವೀಕ್‌ನೆಸ್ ಎರಡೇ, ಒಣಗೋದು ಮತ್ತು ನೆರಳು. ಖಾಲಿ ಹೊಲ ಇದ್ದೋರು ರಾಗಿ ಕೊಯ್ಲಾದ ಮೇಲೆ ಸುಮ್ನೆ ಬಿಡಬೇಡಿ. ಯುಗಾದಿ ಹೊತ್ತಿಗೆ ಮಣ್ಣು ಒಣಗಿರುವಾಗ ನೇಗಿಲಿನಲ್ಲೋ ಕಲ್ಟಿವೇಟರಿನಲ್ಲೋ ಹೆಂಟೆ ಏಳೋ ಹಾಗೆ ಉಳಿ. ರೋಟವೇಟರ್ ಬೇಡ. ಹೆಂಟೆ ಜೊತೆ ಮೇಲೆ ಬಂದ ಗೆಡ್ಡೆ ಏಪ್ರಿಲ್ ಬಿಸಿಲಿಗೆ ಹತ್ತು ಹದಿನೈದು ದಿನ ಬಿದ್ರೆ ಒಣಗಿ ಸಾಯುತ್ತೆ. ಮತ್ತೊಮ್ಮೆ ಅಡ್ಡಕ್ಕೆ ಉಳಿ, ಕೆಳಗಿನವೂ ಮೇಲೆ ಬರಲಿ. ನಡುವೆ ಮಳೆ ಬಿದ್ರೆ ಆ ಸುತ್ತು ವ್ಯರ್ಥ, ಒಣಗಿದ ಮೇಲೆ ಮತ್ತೆ ಉಳಬೇಕು. ಭರಣಿ ಮಳೆಗೆ ಉಳಿದ ಗೆಡ್ಡೆ ಮೊಳೆಯುತ್ತವೆ, ಮೊಳೆಯಲಿ. ಐದಾರು ಎಲೆ ಆಗೋ ಮುಂಚೆ ಕುಂಟೆ ಹೊಡೀರಿ. ಐದಾರು ಎಲೆವರೆಗೆ ಅದು ತಾಯಿಗೆಡ್ಡೆಯ ಗಂಟು ಕರಗಿಸಿ ಬದುಕ್ತಿರುತ್ತೆ, ಹೊಸ ಗೆಡ್ಡೆ ಕಟ್ಟಿರಲ್ಲ. ಅದಾದ ಮೇಲೆ ಕಿತ್ತರೆ ಮರಿ ಹಾಕಿ ಆಗಿರುತ್ತೆ. ಅಂದ್ರೆ ಎರಡು ಮೂರು ವಾರಕ್ಕೊಮ್ಮೆ ಕೈ ಆಡಬೇಕು, ತಿಂಗಳಿಗೊಮ್ಮೆ ಆಡಿದ್ರೆ ಸಾಲದು. ಆಮೇಲೆ ಒತ್ತಾಗಿ ಸೆಣಬೋ ಅಲಸಂದೆಯೋ ಹುರುಳಿಯೋ ಚೆಲ್ಲಿ ನೆಲ ಮುಚ್ಚಿ.

ಕಡ್ಡಿ ತೋಟದಲ್ಲಿ ಕಷ್ಟ ಜಾಸ್ತಿ, ಒಪ್ತೀನಿ. ಡ್ರಿಪ್ಪಿನ ಕೆಳಗೆ ಸದಾ ತೇವ, ಕಟಾವಾದ ಮೇಲೆ ಪೂರ್ತಿ ಬಿಸಿಲು, ಜೇಕಿಗೆ ಇದಕ್ಕಿಂತ ಸುಖ ಇಲ್ಲ. ಹಾಗಾಗಿ ಗೆಲ್ಲೋದಾದ್ರೆ ಕಟಾವಿನ ಮುಂದಿನ ತಿಂಗಳಲ್ಲೇ ಗೆಲ್ಲಬೇಕು. ಎರಡು ವಾರಕ್ಕೊಮ್ಮೆ ಗುದ್ದಲಿಯಲ್ಲಿ ಗೆಡ್ಡೆ ಸಮೇತ ತೆಗೀರಿ. ಆಮೇಲೆ ಸೊಪ್ಪು ಕವಿದುಕೊಂಡು ನೆರಳಾಗುತ್ತೆ, ಜೇಕು ತಾನೇ ಸೊರಗುತ್ತೆ. 3+5 ಅಡಿ ಜೋಡಿ ಸಾಲಿನೋರು ಆ ಐದಡಿ ಜಾಗ ಬರಿದು ಬಿಡಬೇಡಿ, ಸೆಣಬು ಹಾಕಿ ಹೂ ಬಿಡೋ ಹೊತ್ತಿಗೆ ಮಣ್ಣಿಗೆ ಸೇರಿಸಿ. ಪ್ಲಾಸ್ಟಿಕ್ ಮಲ್ಚಿಂಗ್ ಶೀಟ್ ನಂಬಬೇಡಿ, ಜೇಕಿನ ಮೊಳಕೆ ಸೂಜಿ ಹಾಗೆ ಶೀಟನ್ನೇ ತೂತು ಮಾಡಿ ಮೇಲೆ ಬರುತ್ತೆ. ಬ್ರಷ್ ಕಟರಿನಲ್ಲಿ ಮೇಲೆ ಮೇಲೆ ಕತ್ತರಿಸೋದು ನೋಡೋಕೆ ಚೆಂದ ಅಷ್ಟೇ.

ಎಲ್ಲಾ ಕಡೆ ಒಟ್ಟಿಗೆ ಶುರು ಮಾಡೋಕೂ ಹೋಗಬೇಡಿ. ಜೇಕು ಹೊಸದಾಗಿ ಕಾಲಿಟ್ಟಿರೋ ಮೂಲೆ ಮೊದಲು, ತುಂಬಿಹೋಗಿರೋ ಜಾಗ ಕೊನೆಗೆ. ಎರಡು ಮೂರು ವರ್ಷದ ಕೆಲಸ ಇದು. ಒಂದೇ ಸಲಕ್ಕೆ ಹೋಗುತ್ತೆ ಅನ್ನೋರು ಏನೋ ಮಾರೋಕೆ ಬಂದಿದ್ದಾರೆ ಅಂತ ತಿಳ್ಕೊಳ್ಳಿ.

ಅಷ್ಟರೊಳಗೆ ಖರ್ಚಿಲ್ಲದ ಕೆಲಸ ಒಂದಿದೆ. ಟ್ರಾಕ್ಟರ್ ಇಟ್ಟಿರೋ ನಮ್ಮ ಅಣ್ಣತಮ್ಮಂದಿರು ಬೇಜಾರು ಮಾಡ್ಕೋಬಾರದು. ಮುಂದಿನ ಸಲ ಉಳುಮೆಗೆ ಗಾಡಿ ಬಂದಾಗ ಹೊಲಕ್ಕೆ ಇಳಿಯೋ ಮುಂಚೆ ದಾರಿಯಲ್ಲೇ ನಿಲ್ಲಿಸಿ. ಒಂದು ಕಬ್ಬಿಣದ ಸಲಾಕೆ, ಬೋರಿನ ಪೈಪು ಸಾಕು, ಬ್ಲೇಡು ಟೈರು ಕೆರೆದು ತೊಳೆಯೋಕೆ ಹತ್ತು ನಿಮಿಷ. ಆ ಹತ್ತು ನಿಮಿಷದ ಬಾಡಿಗೆ ಕೇಳಿದ್ರೆ ಕೊಟ್ಟುಬಿಡಿ. ಹಿಂದಿನ ದಿನ ಯಾರ ಹೊಲದಲ್ಲಿ ಓಡಿತ್ತು ಅಂತಲೂ ಕೇಳಿ.