ದಾದಿಯ ತುಟಿ ಕಾಣಬೇಕು



ಕೋವಿಡ್ ಕಾಲದ ಮಾಸ್ಕನ್ನು ನಾವೆಲ್ಲ ಗೋಡೆಯ ಮೊಳೆಗೆ ತೂಗುಹಾಕಿ ಮರೆತಿದ್ದೇವೆ. ಆದರೆ ಕ್ಷಯರೋಗದ ಕೋಣೆಯಲ್ಲಿ, ಹಲ್ಲಿನ ಡಾಕ್ಟರ ಬಳಿ, ಆಪರೇಷನ್ ಕೋಣೆಯಲ್ಲಿ ಅದು ಇನ್ನೂ ಇದೆ, ಇರಲೇಬೇಕು. ನಾವು ಕೇಳುವುದು ಇಷ್ಟೇ. ಜನರೊಡನೆ ಮಾತಾಡುವುದೇ ಯಾರ ಕೆಲಸವೋ, ಅವರು ಹಾಕುವ ಮಾಸ್ಕಿನಲ್ಲಿ ಬಾಯಿಯ ಎದುರಿಗೆ ಒಂದು ಪಾರದರ್ಶಕ ಕಿಟಕಿ ಇರಬೇಕು. ಅದರ ಖರ್ಚನ್ನು ಆಸ್ಪತ್ರೆಯೋ ಕಂಪನಿಯೋ ವಹಿಸಬೇಕು. ದಾದಿಯ ಸಂಬಳದಿಂದ ಹೋಗಬಾರದು.

ಹೊಟ್ಟೆಗೆ ಹಿಟ್ಟಿಲ್ಲದಾಗ ಇದೇನು ಷೋಕಿ ಎನ್ನುವವರು ನಮ್ಮ ಸಂಘದಲ್ಲೇ ಇದ್ದಾರೆ. ಅವರು ಮೊದಲು ನಮ್ಮ ಹಿರಿಯರ ಕಿವಿಯ ಕಡೆ ನೋಡಲಿ. ತಾಂಡೂರಿನಲ್ಲಿ ಬಂಡೆ ಕೊಯ್ಯುವ ಯಂತ್ರದ ಬಳಿ ಇಪ್ಪತ್ತು ವರ್ಷ ನಿಂತವರು, ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು, ಎಸ್ಟೇಟಿನಲ್ಲಿ ಪಲ್ಪರಿನ ಹತ್ತಿರವೋ ಕಳೆ ಕೊಯ್ಯುವ ಯಂತ್ರವನ್ನು ಹೆಗಲಿಗೆ ಹಾಕಿಕೊಂಡೋ ಆಯುಷ್ಯ ಸವೆಸಿದವರು, ಇವರಲ್ಲಿ ಎಷ್ಟು ಮಂದಿಗೆ ಮಾತು ನೆಟ್ಟಗೆ ಕೇಳಿಸುತ್ತದೆ? ಸದ್ದು ಕಿವಿಯನ್ನು ಒಮ್ಮೆಲೇ ಮುಚ್ಚುವುದಿಲ್ಲ. ಮೊದಲು ಸಣ್ಣ, ತೀಕ್ಷ್ಣವಾದ ಸ್ವರಗಳು ಹೋಗುತ್ತವೆ. ಸ, ಶ, ತ ಮುಂತಾದವು ಮಸುಕಾಗುತ್ತವೆ. ಎದುರಿನವರು ಮಾತಾಡುತ್ತಿದ್ದಾರೆಂದು ತಿಳಿಯುತ್ತದೆ, ಏನು ಮಾತಾಡಿದರೆಂದು ತಿಳಿಯುವುದಿಲ್ಲ. ಅಂಥವರು ತಮಗೇ ಅರಿವಿಲ್ಲದೆ ಕಣ್ಣಿನಿಂದ ಕೇಳಲು ಕಲಿಯುತ್ತಾರೆ.

ಒಂದು ಸಣ್ಣ ಉದಾಹರಣೆ ತೆಗೆದುಕೊಳ್ಳಿ. ಮಂದ ಕಿವಿಗೆ ‘ಮೂರು’ ಎಂಬುದೂ ‘ನೂರು’ ಎಂಬುದೂ ಒಂದೇ. ಆದರೆ ‘ಮೂರು’ ಎನ್ನುವಾಗ ತುಟಿಗಳು ಕೂಡುತ್ತವೆ, ‘ನೂರು’ ಎನ್ನುವಾಗ ಕೂಡುವುದಿಲ್ಲ. ‘ಮಾತ್ರೆ’, ‘ಜಾತ್ರೆ’ ಹಾಗೆಯೇ. ತುಟಿ ಎಲ್ಲವನ್ನೂ ಹೇಳುತ್ತದೆಂದು ನಾವು ಹೇಳುವುದಿಲ್ಲ. ‘ಪರಿ’, ‘ಬರಿ’, ‘ಮರಿ’ ಮೂರೂ ತುಟಿಯಲ್ಲಿ ಒಂದೇ ರೀತಿ ಕಾಣುತ್ತವೆ. ಗಂಟಲಿನ ಹತ್ತಿರ ಹುಟ್ಟುವ ಕ, ಗ ಕಾಣುವುದೇ ಇಲ್ಲ. ಕಿವಿ ಅರ್ಧ ಹಿಡಿದದ್ದನ್ನು ಕಣ್ಣು ಇನ್ನಷ್ಟು ತುಂಬಿಕೊಡುತ್ತದೆ, ಅಷ್ಟೇ. ಆ ಸಹಾಯವನ್ನೂ ಮಾಸ್ಕು ಕಸಿದುಕೊಳ್ಳುತ್ತದೆ. ಮೇಲಾಗಿ ಬಟ್ಟೆಯು ತಡೆಯುವುದೂ ಆ ಸಣ್ಣ ಸ್ವರಗಳನ್ನೇ.

ನಮ್ಮ ಮೊಗುಡಂಪಲ್ಲಿ ಸೀಮೆಯವರಿಗೆ ಇನ್ನೊಂದು ತೊಡಕಿದೆ. 1956ರ ನವೆಂಬರಿನಲ್ಲಿ ರಾಜ್ಯಗಳನ್ನು ಹಂಚಿದಾಗ ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳೂ ಗುಲ್ಬರ್ಗ ಜಿಲ್ಲೆಯ ತಾಂಡೂರು ತಾಲೂಕೂ ಆ ಕಡೆ ಸೇರಿದವು. ಗಡಿ ಸರಿಯಿತು, ಮನೆಮಾತು ಸರಿಯಲಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು. ಬೇರೆ ಭಾಷೆಯನ್ನು ಅರೆಬರೆ ಬಲ್ಲವನು ಕೇಳುವಾಗ ಎದುರಿನವರ ಮುಖವನ್ನೇ ಹೆಚ್ಚು ನೋಡುತ್ತಾನೆ. ಇದು ಕಿವಿ ಚುರುಕಾಗಿರುವವನಿಗೂ ಸಲ್ಲುವ ಮಾತು. ಈ ಪತ್ರಿಕೆಯನ್ನು ಓದುವ ಎಸ್ಟೇಟುಗಳಲ್ಲೂ ಇದೇ ಕಥೆ. ಕನ್ನಡ, ತುಳು, ತಮಿಳಿನವರ ಜೊತೆಗೆ ಈಗ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದವರೂ ಲೈನುಗಳಲ್ಲಿದ್ದಾರೆ. ಅವರ ಹೆಂಗಸರು ಡಾಕ್ಟರ ಎದುರು ಕುಳಿತು ಬರಿದೆ ತಲೆಯಾಡಿಸಿ ಬರುವುದನ್ನು ನೀವೇ ಕಂಡಿರಬೇಕು.

ಕ್ಷಯದ ಸಂಗತಿಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಬಡವರ ಮನೆಗೆ ಬರುವ ರೋಗ ಅದು. ಹಿಂದೆ ಅದಕ್ಕೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೊಡುತ್ತಿದ್ದರು. ಮಾಮೂಲು ಮಾತ್ರೆಗೆ ಬಗ್ಗದ ಕ್ಷಯಕ್ಕೆ ಕನಾಮೈಸಿನ್ ಕೊಡುತ್ತಿದ್ದರು. ಎರಡೂ ಜೀವ ಉಳಿಸಿದ ಔಷಧಿಗಳೇ. ಆದರೆ ಎರಡೂ ಒಳಗಿವಿಯನ್ನು ಕೆಡಿಸಬಲ್ಲವು, ಹಾಗೆ ಕೆಟ್ಟ ಕಿವಿ ಬಹುಪಾಲು ಮರಳಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರ ಮಾರ್ಗಸೂಚಿಯಲ್ಲಿ ಕನಾಮೈಸಿನ್ ಇನ್ನು ಬೇಡವೆಂದಿತು. ಬಾಯಿಂದ ನುಂಗುವ ಮಾತ್ರೆಗಳ ಚಿಕಿತ್ಸೆ ಬಂದಿದೆ. ಸಂತೋಷ. ಆದರೆ ಅದಕ್ಕೆ ಮುಂಚೆ ಸೂಜಿ ಹಾಕಿಸಿಕೊಂಡು ಕಿವಿ ಕಳೆದುಕೊಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಕ್ಷಯ ಮರುಕಳಿಸಿದರೆ ಅವರು ಹೋಗಿ ಕೂರಬೇಕಾದದ್ದು ಮಾಸ್ಕು ಹಾಕಿದ ಮುಖದ ಎದುರಿಗೇ. ಎಷ್ಟು ಮಾತ್ರೆ, ಎಷ್ಟು ತಿಂಗಳು, ನಡುವೆ ಬಿಟ್ಟರೆ ಏನಾಗುತ್ತದೆ, ಈ ಮಾತುಗಳು ತಪ್ಪಿದರೆ ಜೀವವೇ ತಪ್ಪೀತು.

ಇಂಥ ಮಾಸ್ಕು ಎಲ್ಲಿದೆ ಎಂದು ಕೇಳಬಹುದು. ಅಮೆರಿಕೆಯಲ್ಲಿ ಅಲೀಸಾ ಡಿಟ್‌ಮಾರ್ ಎಂಬ ಕಿವಿ ಕೇಳದ ಮಹಿಳೆ 2015ರಲ್ಲಿ ಆಪರೇಷನ್ನಿಗೆ ಹೋದಾಗ, ಬರಬೇಕಾಗಿದ್ದ ಸನ್ನೆಭಾಷೆಯ ದುಭಾಷಿ ಬರಲಿಲ್ಲ. ಮಾಸ್ಕಿನ ಹಿಂದಿನಿಂದ ವೈದ್ಯರು ಹೇಳಿದ್ದೊಂದೂ ಅವರಿಗೆ ತಿಳಿಯಲಿಲ್ಲ. ಆ ಬಳಿಕ ಅವರು ಜೊತೆಗಾರರೊಡನೆ ಸೇರಿ ‘ಕ್ಲಿಯರ್‌ಮಾಸ್ಕ್’ ಎಂಬ ಪಾರದರ್ಶಕ ಮಾಸ್ಕನ್ನು ತಯಾರಿಸಿದರು. 2020ರಲ್ಲಿ ಅದಕ್ಕೆ ಅಲ್ಲಿನ ಸರ್ಕಾರದ ಒಪ್ಪಿಗೆ ಸಿಕ್ಕಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬ್ರಿಟನ್ ಸರ್ಕಾರ ತನ್ನ ಆಸ್ಪತ್ರೆಗಳಿಗೂ ಆರೈಕೆ ಕೆಲಸಗಾರರಿಗೂ 2,50,000 ಪಾರದರ್ಶಕ ಮಾಸ್ಕುಗಳನ್ನು ಕೊಡುವುದಾಗಿ ಸಾರಿತು. ನಮ್ಮ ದೇಶದಲ್ಲೂ ದರ್ಜಿಗಳು ಬಟ್ಟೆಯ ಮಾಸ್ಕಿಗೆ ಪ್ಲಾಸ್ಟಿಕ್ ತುಂಡು ಕೂರಿಸಿ ಹೊಲಿದರು.

ಇಲ್ಲಿ ಎಚ್ಚರ ಬೇಕು. ದರ್ಜಿ ಹೊಲಿದ ಮಾಸ್ಕು ರೇಷನ್ ಅಂಗಡಿಗೆ, ಬ್ಯಾಂಕಿನ ಕೌಂಟರಿಗೆ ಸಾಕಾದೀತು. ಕ್ಷಯದ ಕೋಣೆಗೆ ಸಾಲದು. ಅಲ್ಲಿ ಬೇಕಾದದ್ದು ಎನ್-95 ಮಟ್ಟದ್ದು, ಅಂದರೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 95ನ್ನಾದರೂ ತಡೆಯುವಂಥದ್ದು, ಮುಖಕ್ಕೆ ಸುತ್ತಲೂ ಬಿಗಿಯಾಗಿ ಕೂರುವಂಥದ್ದು. ಕಿಟಕಿಯ ಮೂಲಕ ಗಾಳಿ ಆಡದು. ಆದ್ದರಿಂದ ಉಸಿರಾಟವೆಲ್ಲ ಅದರ ಸುತ್ತಲಿನ ಶೋಧಕದ ಮೂಲಕವೇ ಆಗಬೇಕು, ಕಿಟಕಿಯ ಅಂಚು ಎಲ್ಲೂ ಸೋರಬಾರದು. ಉಸಿರಿನ ಆವಿ ಕೂತು ಕಿಟಕಿ ಮಂಜಾಗುವುದೂ ಉಂಟು. ಒಳಗಡೆ ಸೋಪಿನ ನೀರನ್ನು ತೆಳ್ಳಗೆ ಸವರಿ ಒಣಗಿಸಿದರೆ ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ಕು ಧ್ವನಿಯನ್ನು ಬಟ್ಟೆಗಿಂತ ಹೆಚ್ಚು ತಡೆಯುತ್ತದೆ ಎಂಬುದೂ ನಿಜ. ಹಾಗಾಗಿ ಅದನ್ನು ಹಾಕಿದವರು ನಿಧಾನವಾಗಿ, ಬೆಳಕಿಗೆ ಮುಖ ಮಾಡಿ ಮಾತಾಡಬೇಕು. ಕಿರುಚಬಾರದು. ಕಿರುಚಿದರೆ ತುಟಿಯ ಆಕಾರವೇ ಕೆಡುತ್ತದೆ, ಮರ್ಯಾದೆಯೂ ಹೋಗುತ್ತದೆ.

“ಸಿಸ್ಟರ್, ಸ್ವಲ್ಪ ಮಾಸ್ಕ್ ಇಳಿಸಿ” ಎಂದು ನಮ್ಮವರು ಕೇಳುವುದುಂಟು. ಇದು ಕೂಡದು. ದಾದಿಯೂ ಕಾರ್ಮಿಕಳೇ. ಆಕೆಯ ಶ್ವಾಸಕೋಶವನ್ನು ಅಡವಿಟ್ಟು ನಮ್ಮ ಕಿವಿಗೆ ನ್ಯಾಯ ಕೇಳುವ ಸಂಘ ಸಂಘವೇ ಅಲ್ಲ. ಆಕೆಯನ್ನೂ ರೋಗಿಯನ್ನೂ ಎದುರುಬದುರು ನಿಲ್ಲಿಸಿ, ಮಾಸ್ಕು ಕೊಳ್ಳಬೇಕಾದವರು ಮರೆಯಲ್ಲಿ ಕುಳಿತಿರುತ್ತಾರೆ.

ಕಾನೂನು ನಮ್ಮ ಕಡೆಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 25ನೆಯ ಕಲಮು ಸರ್ಕಾರಿ ಆಸ್ಪತ್ರೆಗಳಲ್ಲಿ ತಡೆಯಿಲ್ಲದ ಪ್ರವೇಶವಿರಬೇಕೆನ್ನುತ್ತದೆ. ತಡೆಯೆಂದರೆ ಮೆಟ್ಟಿಲು ಮಾತ್ರವೆಂದು ಅಧಿಕಾರಿಗಳು ತಿಳಿದು ಒಂದು ಇಳಿಜಾರು ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಅದೇ ಕಾಯ್ದೆಯ 2ನೆಯ ಕಲಮು ಓದಿ ನೋಡಲಿ. ಸಂಪರ್ಕಕ್ಕೆ ಅಡ್ಡಿಯಾಗುವುದನ್ನೂ ಅದು ತಡೆಯೆಂದೇ ಕರೆದಿದೆ. ಆದರೆ ಒಂದು ಕುಂದೂ ಇದೆ. ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 60 ಡೆಸಿಬಲ್ ನಷ್ಟವಾದರೆ ಮಾತ್ರ ಮಂದಶ್ರವಣ. ಯಂತ್ರದ ಸದ್ದಿನಿಂದ ಕೆಟ್ಟ ಕಿವಿಗಳು ಎಷ್ಟೋ ಸಲ ಆ ಗೆರೆಯ ಈಚೆಗೇ ನಿಲ್ಲುತ್ತವೆ; ಸರ್ಟಿಫಿಕೇಟು ಸಿಗುವುದಿಲ್ಲ. ಆದ್ದರಿಂದ ಕಿಟಕಿಯ ಮಾಸ್ಕು ಸರ್ಟಿಫಿಕೇಟು ತೋರಿಸಿದವರಿಗೆ ಮಾತ್ರ ಎಂಬ ನಿಯಮವನ್ನು ನಾವು ಒಪ್ಪಬಾರದು.

ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಕಿವುಡನಾದ ತೊದಲನನ್ನು ಯೇಸುಸ್ವಾಮಿಯ ಬಳಿಗೆ ತರುತ್ತಾರೆ. ಅದು ದೆಕಪೊಲಿ, ನಮ್ಮ ಗಡಿಯಂತೆ ಹಲವು ಜನ ಬೆರೆತಿದ್ದ ಸೀಮೆ. ಸ್ವಾಮಿ ದೂರ ನಿಂತು ಅಪ್ಪಣೆ ಕೊಡಲಿಲ್ಲ. ಅವನನ್ನು ಗದ್ದಲದಿಂದ ಆಚೆಗೆ ಕರೆದೊಯ್ದು, ಕಿವಿಯಲ್ಲಿ ಬೆರಳಿಟ್ಟು, ನಾಲಿಗೆ ಮುಟ್ಟಿ, ಆಕಾಶದ ಕಡೆ ನೋಡಿ, ಆಮೇಲೆ ಬಾಯಿ ತೆರೆದರು. ಕೇಳಿಸದವನಿಗೆ ಕಾಣುವಂತೆ ಮೊದಲು ಎಲ್ಲವನ್ನೂ ತೋರಿಸಿದರು. ನಮ್ಮ ಧರ್ಮಕೇಂದ್ರದಲ್ಲಿ ಈ ಭಾಗವನ್ನು ಓದುವಾಗ ಪವಾಡದ ಮಾತೇ ಹೆಚ್ಚಾಗಿ, ಈ ರೀತಿಯ ಕಡೆ ಗಮನ ಕಡಿಮೆಯಾಗುತ್ತದೆ.

ಕಿಟಕಿಯ ಮಾಸ್ಕು ನಾಳೆಯೇ ಬರುವುದಿಲ್ಲ. ಶಾಖೆಗಳು ಈಗಲೇ ಮನವಿ ಬರೆಯಲಿ, ಒಂದು ಪ್ರತಿಯಲ್ಲಿ ಮೊಹರು ಹಾಕಿಸಿಕೊಂಡು ಇಟ್ಟುಕೊಳ್ಳಲಿ. ಅಲ್ಲಿಯವರೆಗೆ ಪ್ರತಿ ಔಷಧಿ ಕಿಟಕಿಯಲ್ಲಿ ಒಂದು ಸ್ಲೇಟು ಇಡಿಸೋಣ. ಮಾತು ನಿಂತಾಗ ಜಕರೀಯನೂ ಬರೆಯಲು ಹಲಗೆಯನ್ನೇ ಕೇಳಿದನು. ಓದು ಬಾರದವರಿಗೆ ಬೆಳಗಿಗೆ ಸೂರ್ಯ, ರಾತ್ರಿಗೆ ಚಂದ್ರ, ಮಾತ್ರೆಗೊಂದು ಸೊನ್ನೆ ಬರೆದು ತೋರಿಸಬಹುದು. ಸ್ಲೇಟಿಗೂ ಬಳಪಕ್ಕೂ ದಾರ ಕಟ್ಟಿಸುವುದನ್ನು ಮರೆಯಬೇಡಿ. ಇಲ್ಲವಾದರೆ ಮಾರನೆಯ ದಿನ ಬಳಪ ಇರುವುದಿಲ್ಲ.